ವಿಮಾನದಲ್ಲಿ ಕಾಲು ಚಾಚಲು ಹೆಚ್ಚುವರಿ ದುಡ್ಡು: ಆರೋಗ್ಯಕ್ಕೋ, ಆರಾಮಕ್ಕೋ?

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಡುವ ಅಮ್ಮಂದಿರು ಈಗ ನಮ್ಮ ಸಣ್ಣ ಊರುಗಳಲ್ಲೂ ಇದ್ದಾರೆ. ಟಿಕೆಟ್ ಬುಕ್ ಆದ ಸುದ್ದಿ ಫ್ಯಾಮಿಲಿ ಗ್ರೂಪಿಗೆ ಬೀಳುತ್ತಿದ್ದಂತೆ, ಶುಭಾಶಯಗಳ ಹಿಂದೆಯೇ ಇಂಥದ್ದೊಂದು ಫಾರ್ವರ್ಡ್ ಕೂಡ ಬರುತ್ತದೆ: ‘ವಿಮಾನದ ಇಕ್ಕಟ್ಟಿನ ಸೀಟಿನಲ್ಲಿ ಕೂತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಅದು ಶ್ವಾಸಕೋಶಕ್ಕೆ ಹೋದರೆ ಸಾವು ಖಚಿತ. ದುಡ್ಡು ಹೆಚ್ಚಾದರೂ ಪರವಾಗಿಲ್ಲ, ಕಾಲು ಚಾಚುವ ಸೀಟೇ ತಗೊಳ್ಳಿ. ಹತ್ತುವ ಮೊದಲು ಒಂದು ಆಸ್ಪಿರಿನ್ ನುಂಗಿ. ಎಲ್ಲರಿಗೂ ಕಳಿಸಿ.’

ಓದಿದ ಮಗ ಹೆದರುತ್ತಾನೆ. ಅಮ್ಮನಿಗಾಗಿ ‘ಎಕ್ಸ್‌ಟ್ರಾ ಲೆಗ್‌ರೂಮ್’ ಸೀಟಿಗೆ ಸಾವಿರಾರು ರೂಪಾಯಿ ಕಟ್ಟುತ್ತಾನೆ. ಅಮ್ಮನಿಗೆ ಮಂಡಿನೋವು ಎಂದು ವೀಲ್‌ಚೇರ್ ನೆರವಿಗೂ ಟಿಕ್ ಹಾಕುತ್ತಾನೆ. ಕೊನೆಗೆ ಚೆಕ್‌-ಇನ್ ಕೌಂಟರಿನಲ್ಲಿ ‘ಇವರು ಆ ಸೀಟಿನಲ್ಲಿ ಕೂರುವಂತಿಲ್ಲ’ ಎಂಬ ಉತ್ತರ ಬರುತ್ತದೆ. ಏಕೆಂದರೆ ಅವನು ಆರಿಸಿದ್ದು ತುರ್ತು ನಿರ್ಗಮನ ಬಾಗಿಲ ಪಕ್ಕದ ಸೀಟು.

ಈ ಫಾರ್ವರ್ಡ್‌ನಲ್ಲಿ ಸತ್ಯವೂ ಇದೆ, ಸುಳ್ಳೂ ಇದೆ. ಎರಡನ್ನೂ ಬಿಡಿಸಿ ನೋಡೋಣ.

ಚುಟುಕಾಗಿ ಹೇಳುವುದಾದರೆ:

• ಹೆಚ್ಚು ಲೆಗ್‌ರೂಮ್ ಇರುವ ಸೀಟಿನಿಂದ ಆರಾಮ ಸಿಗುತ್ತದೆ. ರಕ್ತ ಹೆಪ್ಪುಗಟ್ಟುವುದನ್ನು ಅದು ತಡೆಯುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ.
• ಆರೋಗ್ಯದ ದೃಷ್ಟಿಯಿಂದ ಮುಖ್ಯವಾದದ್ದು ಎದ್ದು ಓಡಾಡುವುದು. ಅದಕ್ಕೆ ಬೇಕಾದದ್ದು ಕಿಟಕಿ ಪಕ್ಕದ ಸೀಟಲ್ಲ, ಓಡಾಡುವ ದಾರಿಯ ಪಕ್ಕದ ಐಲ್ ಸೀಟು.
• ನೀವು ಎತ್ತರದವರಾಗಿದ್ದು ಪ್ರಯಾಣ ಉದ್ದವಾಗಿದ್ದರೆ ಹಣ ಕೊಡುವುದರಲ್ಲಿ ಅರ್ಥವಿದೆ. ಒಂದು ಗಂಟೆಯ ಪ್ರಯಾಣಕ್ಕೆ ಬಹುತೇಕರಿಗೆ ಅಗತ್ಯವಿಲ್ಲ.

ಲೆಗ್‌ರೂಮ್ ಎಂದರೆ ಎಷ್ಟು ಜಾಗ?

ವಿಮಾನಯಾನ ಸಂಸ್ಥೆಗಳು ಸೀಟಿನ ಜಾಗವನ್ನು ‘ಪಿಚ್’ ಎಂಬ ಅಳತೆಯಲ್ಲಿ ಹೇಳುತ್ತವೆ. ನಿಮ್ಮ ಸೀಟಿನ ಒಂದು ಬಿಂದುವಿನಿಂದ ಮುಂದಿನ ಸೀಟಿನ ಅದೇ ಬಿಂದುವಿಗೆ ಇರುವ ದೂರವೇ ಪಿಚ್. ಎಕಾನಮಿ ದರ್ಜೆಯಲ್ಲಿ ಇದು ಸಾಮಾನ್ಯವಾಗಿ 28ರಿಂದ 32 ಇಂಚು ಇರುತ್ತದೆ. ಕಡಿಮೆ ದರದ ದೇಶೀಯ ವಿಮಾನಗಳಲ್ಲಿ 28–30 ಇಂಚು, ದೂರ ಹಾರುವ ದೊಡ್ಡ ವಿಮಾನಗಳಲ್ಲಿ 31–32 ಇಂಚು ಎಂದುಕೊಳ್ಳಬಹುದು. ಪ್ರೀಮಿಯಂ ಎಕಾನಮಿಯಲ್ಲಿ ಸುಮಾರು 38 ಇಂಚಿನವರೆಗೂ ಇರುತ್ತದೆ. ಆದರೆ ಅದು ಬೇರೆಯೇ ದರ್ಜೆ. ಸೀಟು ಅಗಲವಾಗಿರುತ್ತದೆ, ಹೆಚ್ಚು ಒರಗುತ್ತದೆ, ದರವೂ ಅದಕ್ಕೆ ತಕ್ಕಂತೆ ಇರುತ್ತದೆ.

ಗಮನಿಸಬೇಕಾದ ಸಂಗತಿ ಎಂದರೆ, ಪಿಚ್ ಪೂರ್ತಿಯಾಗಿ ನಿಮ್ಮ ಕಾಲಿಗೆ ಸಿಗುವ ಜಾಗವಲ್ಲ. ಅದರಲ್ಲಿ ಸೀಟಿನ ಬೆನ್ನಿನ ದಪ್ಪವೂ ಸೇರಿದೆ. ಹೊಸ ವಿಮಾನಗಳಲ್ಲಿ ತೆಳು ಬೆನ್ನಿನ ಸೀಟುಗಳಿವೆ, ಪತ್ರಿಕೆ ಇಡುವ ಜೇಬನ್ನು ಮೊಣಕಾಲಿನ ಎತ್ತರದಿಂದ ಮೇಲಕ್ಕೆ ಸರಿಸಿರುತ್ತಾರೆ. ಹಾಗಾಗಿ 29 ಇಂಚಿನ ಹೊಸ ಸೀಟಿನಲ್ಲಿ ಮೊಣಕಾಲಿಗೆ ಸಿಗುವ ಜಾಗ 30 ಇಂಚಿನ ಹಳೆಯ ಸೀಟಿಗೆ ಸಮನಾಗಿಯೂ ಇರಬಹುದು. ಪಿಚ್ ಸಂಖ್ಯೆ ಒಂದನ್ನೇ ನೋಡಿ ತೀರ್ಮಾನಿಸಲಾಗದು.

ಹೆಚ್ಚು ಲೆಗ್‌ರೂಮ್ ಎಂದು ಮಾರುವ ಸೀಟುಗಳಲ್ಲಿ ಮೂರು ಬಗೆ ಇವೆ. ಒಂದು, ತುರ್ತು ನಿರ್ಗಮನ ಬಾಗಿಲ ಸಾಲು. ಎರಡು, ಎದುರಿಗೆ ಸೀಟಿಲ್ಲದೆ ಗೋಡೆ ಮಾತ್ರ ಇರುವ ಮುಂದಿನ ಸಾಲು. ಮೂರು, ಮಾಮೂಲಿ ಸಾಲುಗಳೇ, ಆದರೆ ಕೆಲವು ಇಂಚು ಹೆಚ್ಚು ಅಂತರ ಕೊಟ್ಟಿರುವವು. ಬುಕಿಂಗ್ ಆ್ಯಪ್‌ನಲ್ಲಿ ಇವು ಹೆಚ್ಚುಕಡಿಮೆ ಒಂದೇ ಥರ ಕಾಣಬಹುದು. ನಿಯಮ ಮತ್ತು ಅನುಭವ ಮಾತ್ರ ಬೇರೆ ಬೇರೆ.

ರಕ್ತ ಹೆಪ್ಪುಗಟ್ಟುವ ಭಯ ಎಲ್ಲಿಂದ ಬಂತು?

ಫಾರ್ವರ್ಡ್‌ನಲ್ಲಿ ಹೇಳುವ ತೊಂದರೆಗೆ ವೈದ್ಯಕೀಯ ಹೆಸರು ಡೀಪ್ ವೇನ್ ಥ್ರಾಂಬೋಸಿಸ್, ಚಿಕ್ಕದಾಗಿ ಡಿವಿಟಿ. ಇದು ನಿಜವಾದ ಕಾಯಿಲೆ. ಕಾಲಿನ ಆಳದ ರಕ್ತನಾಳಗಳಲ್ಲಿ ಮೇಲಕ್ಕೆ ಹರಿಯಬೇಕಾದ ರಕ್ತ ಭೂಮಿಯ ಸೆಳೆತದ ವಿರುದ್ಧ ಹರಿಯಬೇಕು. ಅದನ್ನು ಮೇಲಕ್ಕೆ ತಳ್ಳುವುದು ಮುಖ್ಯವಾಗಿ ಮೀನಖಂಡದ ಸ್ನಾಯುಗಳು. ನಡೆಯುವಾಗ ಅವು ಹಿಂಡಿದಂತೆ ಕೆಲಸ ಮಾಡುತ್ತವೆ. ನಾಳದೊಳಗಿನ ಕವಾಟಗಳು ರಕ್ತ ಮತ್ತೆ ಕೆಳಗೆ ಇಳಿಯದಂತೆ ತಡೆಯುತ್ತವೆ. ಗಂಟೆಗಟ್ಟಲೆ ಮೊಣಕಾಲು ಮಡಚಿ ಅಲುಗಾಡದೆ ಕೂತಾಗ ಈ ಪಂಪು ನಿಂತಂತಾಗುತ್ತದೆ. ರಕ್ತದ ಹರಿವು ಮಂದವಾಗುತ್ತದೆ. ಕೆಲವರಲ್ಲಿ ಅದು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಕಳಚಿಕೊಂಡು ಶ್ವಾಸಕೋಶದ ನಾಳಕ್ಕೆ ಸಿಕ್ಕಿಹಾಕಿಕೊಂಡರೆ ಪ್ರಾಣಾಪಾಯ ಆಗಬಹುದು.

ಕುತೂಹಲದ ಸಂಗತಿ ಏನೆಂದರೆ, ಈ ತೊಂದರೆ ಗಮನಕ್ಕೆ ಬಂದದ್ದು ವಿಮಾನದಲ್ಲಿ ಅಲ್ಲ. ಎರಡನೇ ಮಹಾಯುದ್ಧದ ವೇಳೆ, 1940ರಲ್ಲಿ, ಲಂಡನ್ನಿನ ಜನ ಬಾಂಬ್ ದಾಳಿಯಿಂದ ತಪ್ಪಿಸಿಕೊಳ್ಳಲು ಆಶ್ರಯತಾಣಗಳಲ್ಲಿ ರಾತ್ರಿಯೆಲ್ಲ ಕುರ್ಚಿಗಳಲ್ಲಿ ಕೂತೇ ಕಳೆಯುತ್ತಿದ್ದರು. ಅವರಲ್ಲಿ ಶ್ವಾಸಕೋಶಕ್ಕೆ ಹೆಪ್ಪು ಸಿಲುಕಿ ಆಗುವ ಸಾವುಗಳು ಹೆಚ್ಚಿದ್ದನ್ನು ವೈದ್ಯ ಕೀತ್ ಸಿಂಪ್ಸನ್ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಮಾಡಿದರು. 1954ರಲ್ಲಿ ಅಮೆರಿಕದ ವೈದ್ಯ ಜಾನ್ ಹೋಮನ್ಸ್, ದೀರ್ಘಕಾಲ ಕೂತದ್ದರಿಂದ ಹೀಗಾದ ಪ್ರಕರಣಗಳ ಬಗ್ಗೆ ಬರೆದರು. 

‘ಎಕಾನಮಿ ಕ್ಲಾಸ್ ಸಿಂಡ್ರೋಮ್’ ಎಂಬ ಹೆಸರು ಹುಟ್ಟಿದ್ದು 1970ರ ದಶಕದಲ್ಲಿ. 2000ನೇ ಇಸವಿಯಲ್ಲಿ ಸಿಡ್ನಿಯಿಂದ ಲಂಡನ್‌ಗೆ ಬಂದಿಳಿದ ಯುವತಿಯೊಬ್ಬಳು ಮೃತಪಟ್ಟಾಗ ಆ ಹೆಸರು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಹೆಸರೇ ತಪ್ಪು ದಾರಿ ಹಿಡಿಸಿತು. ಇಕ್ಕಟ್ಟಿನ ಅಗ್ಗದ ಸೀಟೇ ಕಾರಣ, ದುಬಾರಿ ಸೀಟಿನಲ್ಲಿ ಕೂತರೆ ಸುರಕ್ಷಿತ ಎಂಬ ಭಾವನೆ ಜನರಲ್ಲಿ ಬೇರೂರಿತು. ಇವತ್ತಿನ ಫಾರ್ವರ್ಡ್ ಅದರ ಮರಿ.

ಸಂಶೋಧನೆ ಏನು ಹೇಳುತ್ತದೆ?

ಆ ಗದ್ದಲದ ಬಳಿಕ ವಿಶ್ವ ಆರೋಗ್ಯ ಸಂಸ್ಥೆ ಈ ಬಗ್ಗೆ ದೊಡ್ಡ ಅಧ್ಯಯನ ಯೋಜನೆಯೊಂದನ್ನು ಕೈಗೊಂಡು, ಮೊದಲ ಹಂತದ ಫಲಿತಾಂಶವನ್ನು 2007ರಲ್ಲಿ ಪ್ರಕಟಿಸಿತು. ಅದರ ಪ್ರಕಾರ, 4 ಗಂಟೆ ಅಥವಾ ಅದಕ್ಕಿಂತ ಉದ್ದದ ಪ್ರಯಾಣದ ನಂತರ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ‘ಎರಡು ಪಟ್ಟು’ ಎಂದರೆ ಭಯವಾಗುತ್ತದೆ. ಆದರೆ ಮೂಲ ಅಪಾಯವೇ ತೀರಾ ಚಿಕ್ಕದು. 4 ಗಂಟೆ ಮೀರಿದ ವಿಮಾನ ಪ್ರಯಾಣದಲ್ಲಿ ಇದು ಸುಮಾರು 6,000 ಮಂದಿಗೆ ಒಬ್ಬರಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದು ಅದೇ ವರದಿಯ ಅಂದಾಜು.

ಇನ್ನೂ ಮುಖ್ಯವಾದ ಮಾತೆಂದರೆ, ಬಸ್ಸು, ಕಾರು, ರೈಲಿನಲ್ಲಿ ಅಷ್ಟೇ ಹೊತ್ತು ಅಲುಗಾಡದೆ ಕೂತರೂ ಅಪಾಯ ಹೆಚ್ಚುತ್ತದೆ. ‘ವಿಮಾನದೊಳಗಿನ ಗಾಳಿಯ ಒತ್ತಡ ಕಡಿಮೆ, ಅದಕ್ಕೇ ರಕ್ತ ಗಟ್ಟಿಯಾಗುತ್ತದೆ’ ಎಂಬ ಮಾತೂ ಇದೆ. ಕ್ಯಾಬಿನ್‌ನ ಒತ್ತಡ ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನ ಒತ್ತಡಕ್ಕೆ ಸಮ. ನಮ್ಮ ಮುಳ್ಳಯ್ಯನಗಿರಿಯ ತುದಿ 6,300 ಅಡಿಯಷ್ಟಿದೆ, ಹೋಲಿಕೆಗೆ ಅದನ್ನು ನೆನೆಯಬಹುದು. ಆರೋಗ್ಯವಂತರನ್ನು ಅಂಥದೇ ಒತ್ತಡದ ಕೊಠಡಿಯಲ್ಲಿ ಗಂಟೆಗಟ್ಟಲೆ ಕೂರಿಸಿ ನಡೆಸಿದ ಪರೀಕ್ಷೆಯಲ್ಲಿ, ಕಡಿಮೆ ಒತ್ತಡದಿಂದಲೇ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚಿದ್ದು ಕಂಡುಬರಲಿಲ್ಲ. ಅಂದರೆ ಮುಖ್ಯ ತಪ್ಪಿತಸ್ಥ ಅಲುಗಾಡದೆ ಕೂರುವುದೇ.

ಹಾಗಾದರೆ ಸೀಟಿನ ದರ್ಜೆ? ದಕ್ಷಿಣ ಆಫ್ರಿಕಾದ ಸಂಶೋಧಕರು ಸುಮಾರು 900 ಪ್ರಯಾಣಿಕರನ್ನು ಪರೀಕ್ಷಿಸಿ ಬಿಸಿನೆಸ್ ಮತ್ತು ಎಕಾನಮಿ ದರ್ಜೆಗಳನ್ನು ಹೋಲಿಸಿ, 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡರ ನಡುವೆ ಗಮನಾರ್ಹ ವ್ಯತ್ಯಾಸ ಸಿಗಲಿಲ್ಲ. ಅಮೆರಿಕನ್ ಕಾಲೇಜ್ ಆಫ್ ಚೆಸ್ಟ್ ಫಿಸಿಶಿಯನ್ಸ್ 2012ರಲ್ಲಿ ಹೊರತಂದ ಮಾರ್ಗಸೂಚಿಯೂ ಎಕಾನಮಿ ದರ್ಜೆಯೇ ಡಿವಿಟಿಗೆ ಕಾರಣ ಎನ್ನಲು ಖಚಿತ ಪುರಾವೆ ಇಲ್ಲ ಎಂದಿತು. ಅದೇ ಮಾರ್ಗಸೂಚಿ ಕಿಟಕಿ ಪಕ್ಕದ ಸೀಟಿನ ಬಗ್ಗೆ ಎಚ್ಚರಿಸಿತು. ಕಿಟಕಿ ಬದಿಗೆ ಕೂತವರು ಕಡಿಮೆ ಎದ್ದು ಓಡಾಡುತ್ತಾರೆ. ಹಾಗಾಗಿ ಅಪಾಯ ಹೆಚ್ಚಿರುವವರು ಸಾಧ್ಯವಾದರೆ ಐಲ್ ಸೀಟಿನಲ್ಲಿ ಕೂರಬೇಕು ಎಂಬುದು ಅದರ ಸಲಹೆ.

ನಮ್ಮ ಮನೆಯವರನ್ನು ನೆನೆದರೆ ಈ ಸಲಹೆ ಸುಲಭವಾಗಿ ಅರ್ಥವಾಗುತ್ತದೆ. ‘ಅಮ್ಮ ಹೊರಗೆ ನೋಡಲಿ’ ಎಂದು ಪ್ರೀತಿಯಿಂದ ಕಿಟಕಿ ಸೀಟು ಹಾಕಿಸುತ್ತೇವೆ. ಪಕ್ಕದ ಇಬ್ಬರು ಅಪರಿಚಿತರು ನಿದ್ದೆ ಮಾಡುತ್ತಿರುತ್ತಾರೆ. ಅವರನ್ನು ಎಬ್ಬಿಸಲು ಅಮ್ಮನಿಗೆ ಸಂಕೋಚ. ಟಾಯ್ಲೆಟ್‌ಗೆ ಹೋಗಬೇಕಾದೀತೆಂದು ನೀರೂ ಕುಡಿಯುವುದಿಲ್ಲ. ಹತ್ತು ಗಂಟೆ ಹಾಗೇ ಕೂತುಬಿಡುತ್ತಾರೆ. ಕಾಲಿನ ಮುಂದೆ ನಾಲ್ಕು ಇಂಚು ಜಾಗ ಹೆಚ್ಚಿದ್ದರೂ ಅವರು ಏಳದಿದ್ದರೆ ಪ್ರಯೋಜನ ಅಷ್ಟಕ್ಕಷ್ಟೆ.

ಎತ್ತರ ಕಡಿಮೆ ಇರುವವರ ಕಷ್ಟವೇ ಬೇರೆ

ಸಂಶೋಧನೆಗಳಲ್ಲಿ ಹೊರಬಿದ್ದ ಇನ್ನೊಂದು ವಿಷಯ ನಮಗೆ ನೇರವಾಗಿ ಸಂಬಂಧಿಸಿದ್ದು. ಅಪಾಯ ಹೆಚ್ಚಿದ್ದ ಗುಂಪುಗಳಲ್ಲಿ 190 ಸೆಂಟಿಮೀಟರಿಗಿಂತ, ಅಂದರೆ ಸುಮಾರು ಆರೂಕಾಲು ಅಡಿಗಿಂತ ಎತ್ತರದವರು ಇದ್ದರು. ಇದು ನಿರೀಕ್ಷಿತ. ಆದರೆ ವಿಮಾನ ಪ್ರಯಾಣದಲ್ಲಿ 160 ಸೆಂಟಿಮೀಟರಿಗಿಂತ, ಅಂದರೆ ಸುಮಾರು ಐದು ಅಡಿ ಮೂರು ಇಂಚಿಗಿಂತ ಕಡಿಮೆ ಎತ್ತರದವರಲ್ಲೂ ಅಪಾಯ ಹೆಚ್ಚಿತ್ತು. ಭಾರತದ ವಯಸ್ಕ ಮಹಿಳೆಯರ ಸರಾಸರಿ ಎತ್ತರ 152 ಸೆಂಟಿಮೀಟರ್ ಆಸುಪಾಸು. ಅಂದರೆ ನಮ್ಮ ಅಮ್ಮಂದಿರು, ಅತ್ತೆಯಂದಿರು, ಅಜ್ಜಿಯರಲ್ಲಿ ಬಹುತೇಕರು ಈ ಗುಂಪಿಗೇ ಸೇರುತ್ತಾರೆ.

ಇದಕ್ಕೆ ಸಂಶೋಧಕರು ಕೊಡುವ ವಿವರಣೆ ಸರಳ. ಎತ್ತರ ಕಡಿಮೆ ಇರುವವರ ಪಾದ ನೆಲಕ್ಕೆ ಪೂರ್ತಿ ತಾಗುವುದಿಲ್ಲ. ಕಾಲು ತೂಗಾಡಿದಂತಿರುತ್ತದೆ. ಸೀಟಿನ ಮುಂದಿನ ಅಂಚು ಮೊಣಕಾಲಿನ ಹಿಂಭಾಗಕ್ಕೆ ಒತ್ತುತ್ತದೆ. ಆ ಜಾಗದಲ್ಲಿಯೇ ದೊಡ್ಡ ರಕ್ತನಾಳ ಹಾದುಹೋಗುತ್ತದೆ.

ಈಗ ಯೋಚಿಸಿ. ಐದು ಅಡಿ ಎತ್ತರದ ಅಮ್ಮನಿಗೆ ಮುಂದೆ ಜಾಗ ಕಡಿಮೆ ಎಂಬುದು ಸಮಸ್ಯೆಯೇ ಅಲ್ಲ. ಪಾದಕ್ಕೆ ಆಧಾರ ಇಲ್ಲ ಎಂಬುದು ಸಮಸ್ಯೆ. ಹೆಚ್ಚು ಲೆಗ್‌ರೂಮ್ ಇರುವ ಸೀಟಿನಲ್ಲಿ ಮುಂದಿನ ಸೀಟು ಇನ್ನೂ ದೂರ ಇರುವುದರಿಂದ, ಅದರ ಕೆಳಗಿನ ಕಂಬಿಯ ಮೇಲೆ ಪಾದ ಇಟ್ಟುಕೊಳ್ಳುವ ಅವಕಾಶವೂ ತಪ್ಪುತ್ತದೆ! ಅವರಿಗೆ ಬೇಕಾದದ್ದು ಪಾದದ ಕೆಳಗೆ ಇಟ್ಟುಕೊಳ್ಳಲು ಒಂದು ಸಣ್ಣ ಬ್ಯಾಗು ಅಥವಾ ಮಡಚಿದ ಕಂಬಳಿ. ಖರ್ಚು ಸೊನ್ನೆ. ವಿಮಾನ ಏರುವಾಗ, ಇಳಿಯುವಾಗ ಮಾತ್ರ ಬ್ಯಾಗನ್ನು ಸಿಬ್ಬಂದಿ ಹೇಳಿದ ಜಾಗದಲ್ಲಿ ಇಡಬೇಕು.

ತುರ್ತು ಬಾಗಿಲ ಸಾಲು ಎಲ್ಲರಿಗೂ ಅಲ್ಲ

ಅತಿ ಹೆಚ್ಚು ಜಾಗ ಸಿಗುವುದು ಸಾಮಾನ್ಯವಾಗಿ ಈ ಸಾಲಿನಲ್ಲೇ. ಆ ಜಾಗ ಬಿಟ್ಟಿರುವುದು ನಮ್ಮ ಆರಾಮಕ್ಕಲ್ಲ, ಅವಘಡವಾದಾಗ ಜನ ಬೇಗ ಹೊರಹೋಗಲಿ ಎಂದು. ಅಲ್ಲಿ ಕೂತವರು ಅಗತ್ಯ ಬಿದ್ದರೆ ಬಾಗಿಲು ತೆಗೆಯಲು ನೆರವಾಗಬೇಕು, ಸಿಬ್ಬಂದಿಯ ಸೂಚನೆ ಅರ್ಥ ಮಾಡಿಕೊಳ್ಳಬೇಕು. ಆದ್ದರಿಂದ ಮಕ್ಕಳು, ಗರ್ಭಿಣಿಯರು, ಕೂಸಿನ ಜೊತೆ ಇರುವವರು, ಅಶಕ್ತರಾದ ಹಿರಿಯರು, ವೀಲ್‌ಚೇರ್ ಅಥವಾ ಬೇರೆ ನೆರವು ಕೇಳಿದವರು, ಸೀಟ್ ಬೆಲ್ಟಿಗೆ ಹೆಚ್ಚುವರಿ ಪಟ್ಟಿ ಬೇಕಾದವರು ಅಲ್ಲಿ ಕೂರುವಂತಿಲ್ಲ. ಹಣ ಕಟ್ಟಿದ್ದರೂ ಸಿಬ್ಬಂದಿ ಸೀಟು ಬದಲಿಸುತ್ತಾರೆ, ಬದಲಿಸಲೇಬೇಕು.

ಅರ್ಹತೆ ಇರುವವರೂ ಕೆಲವು ಸಂಗತಿ ತಿಳಿದಿರಬೇಕು. ಏರುವಾಗ, ಇಳಿಯುವಾಗ ಕಾಲ ಬಳಿ ಬ್ಯಾಗು ಇಡುವಂತಿಲ್ಲ. ಎರಡು ತುರ್ತು ಸಾಲುಗಳಿರುವ ವಿಮಾನದಲ್ಲಿ ಮೊದಲನೆಯ ಸಾಲಿನ ಸೀಟು ಸಾಮಾನ್ಯವಾಗಿ ಹಿಂದಕ್ಕೆ ಒರಗುವುದಿಲ್ಲ. ಬಾಗಿಲ ಬಳಿ ಚಳಿ ಹೆಚ್ಚು ಅನಿಸಬಹುದು.

ಗೋಡೆ ಎದುರಿನ ಮುಂದಿನ ಸಾಲಿನಲ್ಲಿ ಈ ನಿರ್ಬಂಧಗಳೆಲ್ಲ ಇರುವುದಿಲ್ಲ, ಹಿರಿಯರೂ ಕೂರಬಹುದು. ಮುಂದಿನವರು ಸೀಟು ಒರಗಿಸುವ ಕಿರಿಕಿರಿ ಇಲ್ಲ, ಎದ್ದೇಳುವುದೂ ಸುಲಭ. ಆದರೆ ಕಾಲು ಪೂರ್ತಿ ಚಾಚಲು ಗೋಡೆ ಅಡ್ಡ ಬರಬಹುದು. ಊಟದ ಟ್ರೇ ಕೈ ಇಡುವ ಜಾಗದಿಂದ ಹೊರಬರುವುದರಿಂದ ಸೀಟಿನ ಅಗಲ ಸ್ವಲ್ಪ ಕಡಿಮೆ. ಕೈಚೀಲವನ್ನು ಮೇಲಿನ ಗೂಡಿಗೆ ಹಾಕಬೇಕು, ಹಾಗಾಗಿ ಮಾತ್ರೆ, ಕನ್ನಡಕ ಮೊದಲೇ ಕೈಗೆ ತೆಗೆದುಕೊಂಡಿರಬೇಕು. ದೂರದ ವಿಮಾನಗಳಲ್ಲಿ ಕೂಸಿನ ತೊಟ್ಟಿಲು ತೂಗುಹಾಕುವುದೂ ಇಲ್ಲೇ, ಆದ್ದರಿಂದ ಅಳುವ ಮಗು ಪಕ್ಕದಲ್ಲಿರುವ ಸಾಧ್ಯತೆ ಹೆಚ್ಚು.

ಹಾಗಾದರೆ ಯಾರು, ಯಾವಾಗ ದುಡ್ಡು ಕೊಡಬೇಕು?

ಎರಡು ಸಣ್ಣ ಲೆಕ್ಕ ಮಾಡಿ.

ಮೊದಲನೆಯದು ಟೇಪಿನ ಲೆಕ್ಕ. ಗೋಡೆಗೆ ತಾಗಿಸಿ ಸ್ಟೂಲ್ ಇಟ್ಟು, ಬೆನ್ನು ಗೋಡೆಗೆ ಒತ್ತಿ ನೇರವಾಗಿ ಕೂರಿ. ಗೋಡೆಯಿಂದ ಮೊಣಕಾಲ ಚಿಪ್ಪಿನ ತುದಿವರೆಗೆ ಅಳೆಯಿರಿ. ಅದಕ್ಕೆ ಸೀಟಿನ ಬೆನ್ನಿನ ದಪ್ಪಕ್ಕೆಂದು 3 ಇಂಚು, ಅಲುಗಾಡಲೆಂದು 2 ಇಂಚು ಸೇರಿಸಿ. ನಿಮ್ಮ ಅಳತೆ 22 ಇಂಚಾದರೆ ಒಟ್ಟು 27, ಯಾವ ವಿಮಾನದಲ್ಲೂ ಮೊಣಕಾಲು ತಾಗದು. 25 ಇಂಚಾದರೆ ಒಟ್ಟು 30, ಪಿಚ್ 28–29 ಇರುವ ವಿಮಾನದಲ್ಲಿ ಕಷ್ಟವಾಗುತ್ತದೆ. ಇದು ಒರಟು ಲೆಕ್ಕ, ಆದರೆ ಜಾಹೀರಾತು ನೋಡಿ ನಿರ್ಧರಿಸುವುದಕ್ಕಿಂತ ವಾಸಿ.

ಎರಡನೆಯದು ಗಂಟೆಯ ಲೆಕ್ಕ. ಕೇಳುತ್ತಿರುವ ಶುಲ್ಕವನ್ನು ಹಾರಾಟದ ಗಂಟೆಗಳಿಂದ ಭಾಗಿಸಿ. ಉದಾಹರಣೆಗೆ ಬೆಂಗಳೂರು–ಹುಬ್ಬಳ್ಳಿ ನಡುವಿನ ಒಂದು ಗಂಟೆ ಚಿಲ್ಲರೆಯ ಹಾರಾಟಕ್ಕೆ 1,000 ರೂಪಾಯಿ ಕೊಟ್ಟರೆ ಗಂಟೆಗೆ ಹತ್ತಿರ ಹತ್ತಿರ ಅಷ್ಟೇ ಆಯಿತು. ಅದರಲ್ಲೂ ಏರುವ, ಇಳಿಯುವ ಹೊತ್ತು ಕಳೆದರೆ ಉಳಿಯುವುದು ಅರ್ಧ ಗಂಟೆ. ಮಂಗಳೂರು–ದುಬೈ ಹಾರಾಟ ಸುಮಾರು ನಾಲ್ಕು ಗಂಟೆ, ಅಲ್ಲಿ ಎತ್ತರದವರು ಯೋಚಿಸಬಹುದು. 2021ರ ಜನವರಿಯಲ್ಲಿ ಏರ್ ಇಂಡಿಯಾ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ನಡುವೆ ಎಲ್ಲೂ ನಿಲ್ಲದ ವಿಮಾನ ಆರಂಭಿಸಿದಾಗ ಹಾರಾಟದ ಅವಧಿ 16–17 ಗಂಟೆ ಇತ್ತು. ಅಂಥ ಹಾರಾಟಕ್ಕೆ 6,000 ರೂಪಾಯಿ ಕೇಳಿದರೂ ಗಂಟೆಗೆ 400 ರೂಪಾಯಿಯೂ ಆಗದು. ಎರಡೂ ಲೆಕ್ಕದಲ್ಲಿ ‘ಹೌದು’ ಬಂದರೆ ಕೊಡಿ, ಹಣ ವ್ಯರ್ಥವಲ್ಲ.

ಮಂಡಿ ಸರಿಯಾಗಿ ಮಡಚಲಾಗದವರಿಗೆ ಎತ್ತರ ಎಷ್ಟೇ ಇರಲಿ, ಜಾಗ ಬೇಕೇ ಬೇಕು. ಆದರೆ ತುರ್ತು ಸಾಲು ಬೇಡ, ಉಳಿದೆರಡು ಬಗೆಗಳಲ್ಲಿ ಐಲ್ ಬದಿಯದನ್ನು ಆರಿಸಿ. ಯಾವ ಸೀಟು ಎಂದು ಗೊತ್ತಾಗದಿದ್ದರೆ ಹಣ ಕಟ್ಟುವ ಮೊದಲು ಸಂಸ್ಥೆಗೆ ಫೋನ್ ಮಾಡಿ ಕೇಳಿ.

ಇನ್ನೊಂದು ಮಾತು. ಸೀಟು ಆರಿಸಲು ಹಣ ಕೊಡುವುದು ಕಡ್ಡಾಯವಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದಂತೆ ಇಂಥ ಸೇವೆಗಳನ್ನು ನಾವಾಗಿ ಬೇಕೆಂದು ಆರಿಸಿಕೊಂಡರೆ ಮಾತ್ರ ಶುಲ್ಕ. ಆರಿಸದಿದ್ದರೆ ಚೆಕ್‌-ಇನ್ ವೇಳೆ ಯಾವುದೋ ಒಂದು ಸೀಟು ಉಚಿತವಾಗಿ ಸಿಗುತ್ತದೆ. ಮಕ್ಕಳು ಬೇರೆಡೆ ಕೂರಬೇಕಾದೀತು ಎಂಬ ಭಯದಿಂದ ಹಣ ಕಟ್ಟುವವರೂ ಇದ್ದಾರೆ. 12 ವರ್ಷದವರೆಗಿನ ಮಕ್ಕಳಿಗೆ ಒಂದೇ ಪಿಎನ್‌ಆರ್‌ನಲ್ಲಿರುವ ತಂದೆ, ತಾಯಿ ಅಥವಾ ಪೋಷಕರೊಬ್ಬರ ಪಕ್ಕದಲ್ಲೇ ಸೀಟು ಕೊಡಬೇಕು ಎಂದು ಮಹಾನಿರ್ದೇಶನಾಲಯ 2024ರ ಏಪ್ರಿಲ್‌ನಲ್ಲೇ ಸಂಸ್ಥೆಗಳಿಗೆ ಸೂಚಿಸಿದೆ.

ಹಣ ಖರ್ಚಿಲ್ಲದ ಎಚ್ಚರಿಕೆಗಳು

ಗಂಟೆ, ಎರಡು ಗಂಟೆಗೊಮ್ಮೆ ಎದ್ದು ಸ್ವಲ್ಪ ಓಡಾಡಿ. ಏಳಲಾಗದಿದ್ದರೆ ಕೂತಲ್ಲೇ ಹಿಮ್ಮಡಿ ಊರಿ ಬೆರಳು ಮೇಲೆತ್ತುವುದು, ಬೆರಳೂರಿ ಹಿಮ್ಮಡಿ ಎತ್ತುವುದು, ಪಾದ ತಿರುಗಿಸುವುದು ಮಾಡಿ. ಹೊಲಿಗೆ ಮಿಷನ್ ತುಳಿದ ಹಾಗೆ ಎಂದರೆ ಅಮ್ಮನಿಗೆ ಥಟ್ಟನೆ ಅರ್ಥವಾಗುತ್ತದೆ. ನೀರು ಕುಡಿದರೆ ಹೆಪ್ಪುಗಟ್ಟುವುದಿಲ್ಲ ಎನ್ನಲು ಬಲವಾದ ಪುರಾವೆ ಇಲ್ಲ. ಆದರೂ ಕುಡಿಯುವುದು ಒಳ್ಳೆಯದು. ಟಾಯ್ಲೆಟ್‌ಗೆಂದಾದರೂ ಎದ್ದು ನಡೆಯುತ್ತೀರಿ.

ಆಸ್ಪಿರಿನ್ ವಿಷಯದಲ್ಲಿ ಫಾರ್ವರ್ಡ್ ಹೇಳಿದ್ದು ಅಪಾಯಕಾರಿ. ಮೇಲೆ ಹೇಳಿದ 2012ರ ಮಾರ್ಗಸೂಚಿ, ಪ್ರಯಾಣದಲ್ಲಿ ಹೆಪ್ಪುಗಟ್ಟುವುದನ್ನು ತಡೆಯಲೆಂದೇ ಆಸ್ಪಿರಿನ್ ತೆಗೆದುಕೊಳ್ಳುವುದು ಬೇಡ ಎನ್ನುತ್ತದೆ. ಅದರಿಂದ ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು. ಹೃದಯದ ತೊಂದರೆಗೆ ವೈದ್ಯರು ಬರೆದುಕೊಟ್ಟಿದ್ದರೆ ಅದನ್ನು ಎಂದಿನಂತೆ ಮುಂದುವರಿಸಿ, ನೀವಾಗಿ ಶುರು ಮಾಡಬೇಡಿ.

ಹಿಂದೆ ಹೆಪ್ಪುಗಟ್ಟಿದ್ದವರು, ಇತ್ತೀಚೆಗೆ ಆಪರೇಷನ್ ಆದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಗರ್ಭಿಣಿಯರು, ಬಾಣಂತಿಯರು, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರು, ಬೊಜ್ಜು ಹೆಚ್ಚಿರುವವರು ದೂರ ಪ್ರಯಾಣಕ್ಕೆ ಮುನ್ನ ವೈದ್ಯರನ್ನು ಕೇಳಬೇಕು. ಮೊಣಕಾಲಿನ ಕೆಳಗೆ ಹಾಕಿಕೊಳ್ಳುವ ಕಂಪ್ರೆಷನ್ ಸ್ಟಾಕಿಂಗ್ಸ್ ಬಗ್ಗೆ ಒಳ್ಳೆಯ ಪುರಾವೆ ಇದೆ. ವಿಮಾನ ಪ್ರಯಾಣಿಕರ ಮೇಲೆ ನಡೆದ ಹಲವು ಪ್ರಯೋಗಗಳನ್ನು ಕಾಕ್ರೇನ್ ಸಂಸ್ಥೆ ಒಟ್ಟುಗೂಡಿಸಿ ನೋಡಿದಾಗ, ಲಕ್ಷಣಗಳಿಲ್ಲದ ಡಿವಿಟಿ ಕಂಡುಬಂದದ್ದು 50 ಮಂದಿಯಲ್ಲಿ. ಅವರಲ್ಲಿ 47 ಮಂದಿ ಸ್ಟಾಕಿಂಗ್ಸ್ ಹಾಕದವರು, 3 ಮಂದಿ ಮಾತ್ರ ಹಾಕಿದವರು. ಕಾಲಿಗೆ ರಕ್ತಪೂರೈಕೆ ಕಡಿಮೆ ಇರುವವರು, ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿಯುವವರು ಮಾತ್ರ ವೈದ್ಯರನ್ನು ಕೇಳದೆ ಹಾಕಬಾರದು.

ಪ್ರಯಾಣದ ಬಳಿಕ ಎರಡೂ ಪಾದ ಸ್ವಲ್ಪ ಊದಿಕೊಳ್ಳುವುದು ಸಾಮಾನ್ಯ, ಓಡಾಡಿದರೆ ಇಳಿಯುತ್ತದೆ. ಒಂದೇ ಕಾಲು ಊದಿ, ಮೀನಖಂಡದಲ್ಲಿ ನೋವು, ಬಿಸಿ, ಕೆಂಪು ಕಂಡರೆ ಅಂದೇ ವೈದ್ಯರಿಗೆ ತೋರಿಸಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಕೆಮ್ಮಿದಾಗ ರಕ್ತ ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಿ, ವಿಮಾನದಲ್ಲಿ ಬಂದದ್ದನ್ನು ಹೇಳಿ. ಪ್ರಯಾಣ ಮುಗಿದು ಕೆಲವು ವಾರಗಳಾದ ಮೇಲೂ ಇದು ಕಾಣಿಸಿಕೊಳ್ಳಬಹುದು.

ಗ್ರೂಪಿನಲ್ಲಿ ಏನು ಉತ್ತರಿಸಬೇಕು?

ಆ ಫಾರ್ವರ್ಡ್ ಮತ್ತೆ ಬಂದರೆ ಇಷ್ಟು ಬರೆದರೆ ಸಾಕು: ‘ಕಾಲು ಉದ್ದವಿದ್ದವರು, ದೂರ ಹೋಗುವವರು ಆರಾಮಕ್ಕಾಗಿ ದುಡ್ಡು ಕೊಡಿ, ತಪ್ಪಿಲ್ಲ. ಅಮ್ಮನಿಗೆ ಐಲ್ ಸೀಟು ಹಾಕಿಸಿ, ಪಾದದ ಕೆಳಗೆ ಬ್ಯಾಗು ಇಡಿಸಿ, ಆಗಾಗ ಎದ್ದು ಓಡಾಡಲು ಹೇಳಿ. ವೈದ್ಯರು ಹೇಳದೆ ಆಸ್ಪಿರಿನ್ ಬೇಡ.’

ಇದನ್ನು ಬೇಕಾದರೆ ಎಲ್ಲರಿಗೂ ಕಳಿಸಿ. ಅಮ್ಮ ಹೊರಡುವ ಮುನ್ನ ಒಂದು ಮಾತು ಅವರ ಕಿವಿಗೂ ಹಾಕಿ: ಪಕ್ಕದವರನ್ನು ಎಬ್ಬಿಸಲು ಸಂಕೋಚ ಬೇಡ.